ರಬ್ಬರ್ ಬಿಟ್ಟು ಹೋಗು: ಗ್ಲಾರುಸ್ ಬೆಟ್ಟಕ್ಕೆ ಹೊರಟ ಮಗಳಿಗೆ

ಕ್ಷೇಮ
ಚಿತ್ರದುರ್ಗ

ಚಿ॥ ಮೇಧಾಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಚೆನ್ನಾಗಿದ್ದೇವೆ. ಮಳೆ ಇನ್ನೂ ಸರಿಯಾಗಿ ಹಿಡಿದಿಲ್ಲ. ಭಾನುವಾರ ಫೋನಲ್ಲಿ ನೀನು ಒಂದು ಮಾತು ಅಂದೆ. "ದೊಡ್ಡಪ್ಪ, ಸ್ವಿಟ್ಜರ್‌ಲ್ಯಾಂಡಿನ ಗ್ಲಾರುಸ್ ಬೆಟ್ಟಗಳನ್ನ ಇನ್ನೂರು ವರ್ಷದಿಂದ ಎಲ್ಲರೂ ನೋಡಿ ಮುಗಿಸಿದ್ದಾರೆ. ಯಾವ ಕಲ್ಲು ಎಲ್ಲಿದೆ ಅನ್ನೋ ಮ್ಯಾಪ್ ಕೈಯಲ್ಲೇ ಇದೆ. ನಾನು ಹೋಗಿ ಬಣ್ಣ ಹೊಂದಿಸಿಕೊಂಡು ಬಂದರೆ ಆಯ್ತು." ಆಗ ನಕ್ಕು ಸುಮ್ನಾದೆ. ಆದರೆ ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಈ ಕಾಗದ. ವಾಟ್ಸಾಪಲ್ಲಿ ಕಳಿಸಿದರೆ ನೀನು ಒಂದು ಹೆಬ್ಬೆರಳು ಒತ್ತಿ ಮುಂದಕ್ಕೆ ಹೋಗುತ್ತೀಯ, ಗೊತ್ತು.

ನಾನು ಅಲ್ಲಿಗೆ ಹೋಗಿದ್ದು ಒಂದೇ ಸಲ, ಅದೂ ನಾಲ್ಕು ದಿನದ ಮಟ್ಟಿಗೆ. ಷ್ವಾಂಡನ್ ಊರಿನ ಪಕ್ಕದಲ್ಲಿ, ಮರಗಳ ನೆರಳಲ್ಲಿ, ಲೋಕ್‌ಸೈಟ್ ಅಂತ ಒಂದು ಜಾಗ ಇದೆ. ಬೆಟ್ಟ ಹತ್ತಬೇಕಿಲ್ಲ, ಊರಿಂದ ನಡೆದೇ ಹೋಗಬಹುದು. ಅಲ್ಲಿ ಬಂಡೆ ಚಾವಣಿಯ ಹಾಗೆ ತಲೆಯ ಮೇಲೆ ಚಾಚಿಕೊಂಡಿದೆ. ಮೇಲಿನದು ವೆರುಕಾನೊ. ಕೆಂಪು, ಹಸಿರು ಕಲಸಿದ ಬಣ್ಣ, ಒಳಗೆಲ್ಲ ಬೇರೆ ಕಲ್ಲಿನ ಚೂರುಗಳು. ಪರ್ಮಿಯನ್ ಕಾಲದ್ದು, 25 ರಿಂದ 30 ಕೋಟಿ ವರ್ಷ ಹಳೆಯದು. ಕೆಳಗಿನದು ಫ್ಲಿಶ್. ಕಪ್ಪು ಬೂದಿ ಬಣ್ಣದ ಮೆತ್ತನೆಯ ಸ್ಲೇಟು, ಉದುರಿ ಉದುರಿ ಒಳಕ್ಕೆ ಸರಿದುಬಿಟ್ಟಿದೆ. ಅದರ ವಯಸ್ಸು ಮೂರೂವರೆಯಿಂದ ಐದು ಕೋಟಿ ವರ್ಷ ಅಷ್ಟೇ. ಎರಡರ ನಡುವೆ ಒಂದು ಮೀಟರ್ ಆಸುಪಾಸಿನ ಸುಣ್ಣಕಲ್ಲಿನ ಪಟ್ಟಿ. ಆ ಪಟ್ಟಿಯೊಳಗೆ ಚಾಕುವಲ್ಲಿ ಕೊಯ್ದ ಹಾಗೆ ಒಂದು ಗೆರೆ. ನಾನು ಕನ್ನಡಕ ಒರೆಸಿಕೊಂಡು ಆ ಗೆರೆಯ ಮೇಲೆ ಬೆರಳಿಟ್ಟೆ. ಅಜ್ಜ ಮೊಮ್ಮಗನ ಹೆಗಲ ಮೇಲೆ ಕೂತಿದ್ದಾನೆ. ಅಷ್ಟು ದೂರದಿಂದ ಬಂದಿದ್ದು ಸಾರ್ಥಕ ಅನಿಸಿತು.

ಹೀಗೆ ದೂರದಿಂದ ಸರಿದು ಬಂದು ಇನ್ನೊಂದರ ಮೇಲೆ ಕೂತ ಬಂಡೆಯ ಹಾಸಿಗೆ ನ್ಯಾಪ್ ಅನ್ನುತ್ತಾರೆ. ಅದು ಫ್ರೆಂಚರ ಮಾತು, ಮೇಜಿಗೆ ಹಾಸುವ ಬಟ್ಟೆ. ಜರ್ಮನ್ ಆಡುವವರು ಡೆಕೆ ಅನ್ನುತ್ತಾರೆ, ಅಂದರೆ ಹೊದಿಕೆ. ನನಗೆ ಕಂಬಳಿ ಅನ್ನುವುದೇ ಸರಿ ಕಾಣುತ್ತದೆ. ದಪ್ಪ, ಒರಟು, ಎಳೆದರೆ ಸುಕ್ಕು ಬೀಳುತ್ತದೆ. ದಕ್ಷಿಣದಿಂದ ಉತ್ತರಕ್ಕೆ ಕನಿಷ್ಠ 35 ಕಿಲೋಮೀಟರ್ ಸರಿದು ಬಂದ ಕಂಬಳಿ ಅದು. ದುರ್ಗದಿಂದ ಹೊಳಲ್ಕೆರೆಗೆ ಹೆಚ್ಚುಕಡಿಮೆ ಅಷ್ಟೇ ದೂರ. ಒಂದು ಬೆಟ್ಟಸಾಲು ಅಷ್ಟು ದೂರ ನಡೆದುಬಂದಿದೆ ಅಂದುಕೋ!

ನೀನು ಎಲ್ಮ್ ಊರಲ್ಲಿ ನಿಂತು ಚಿಂಗೆಲ್‌ಹೋರ್ನರ್ ಶಿಖರಗಳ ಕಡೆ ನೋಡಿದರೆ ಆ ಗೆರೆ ಬರಿಗಣ್ಣಿಗೇ ಕಾಣುತ್ತದೆ. ಸ್ಕೇಲು ಇಟ್ಟು ಎಳೆದ ಹಾಗೆ. ಗೆರೆಯ ಕೆಳಗೆ ಬಂಡೆಯಲ್ಲೊಂದು ದೊಡ್ಡ ತೂತು, ಮಾರ್ಟಿನ್ಸ್‌ಲೋಕ್. ವರ್ಷಕ್ಕೆರಡು ಸಲ, ಮಾರ್ಚ್‌ನಲ್ಲೊಮ್ಮೆ, ಸೆಪ್ಟೆಂಬರ್ ಕೊನೆಯ ಹೊತ್ತಿಗೊಮ್ಮೆ, ಅದರೊಳಗಿಂದ ಬಿಸಿಲು ತೂರಿಬಂದು ಎಲ್ಮ್ ಚರ್ಚಿನ ಮೇಲೆ ಬೀಳುತ್ತದೆ. 2008ರಲ್ಲಿ ಯುನೆಸ್ಕೋ ಈ ಸಾರ್ಡೋನಾ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಾಗಾಗಿ ಸಿಕ್ಕಸಿಕ್ಕಲ್ಲಿ ಸುತ್ತಿಗೆ ಎತ್ತಬೇಡ. ಲೋಕ್‌ಸೈಟಲ್ಲಂತೂ ಸುತ್ತಿಗೆ ಚೀಲದಿಂದ ಆಚೆಗೇ ಬರಬಾರದು. ಸುಣ್ಣಕಲ್ಲು ಹೌದೋ ಅಲ್ಲವೋ ಅಂತ ಆ್ಯಸಿಡ್ ಹನಿ ಬಿಟ್ಟು ನೋಡಬೇಕು ಅನಿಸಿದರೆ ಹೊಳೆಯಲ್ಲಿ ಬಿದ್ದ ಚೂರಿನ ಮೇಲೆ ಬಿಡು.

ಈಗ ಆ ಇನ್ನೂರು ವರ್ಷದ ವಿಷಯಕ್ಕೆ ಬರೋಣ. ಹಳೆಯ ಕಲ್ಲು ಮೇಲಿದೆ, ಹೊಸದು ಕೆಳಗಿದೆ ಅನ್ನುವುದನ್ನು ಹತ್ತೊಂಬತ್ತನೇ ಶತಮಾನದ ಆರಂಭದಲ್ಲೇ ಹಾನ್ಸ್ ಕಾನ್ರಾಡ್ ಎಷರ್ ಗಮನಿಸಿದ್ದರು. ಲಿಂಟ್ ನದಿಗೆ ಕಾಲುವೆ ತೋಡಿಸಿ ಜೌಗು ಒಣಗಿಸಿದ ಮನುಷ್ಯ. ಕಲ್ಲು ಓದುವುದು ಅವರ ಬಿಡುವಿನ ಕೆಲಸ! ಮಗ ಆರ್ನಾಲ್ಡ್ ಎಷರ್ ಪೂರ್ತಿ ಭೂವಿಜ್ಞಾನಿಯೇ ಆದರು. 1840ರ ದಶಕದಲ್ಲೇ ಇದು ಒಂದು ಭಾರೀ ಥ್ರಸ್ಟ್, ಒಂದು ಬಂಡೆರಾಶಿ ಇನ್ನೊಂದರ ಮೇಲೆ ಹತ್ತಿ ಬಂದಿದೆ ಅಂತ ಅವರಿಗೆ ಹೊಳೆದಿತ್ತು. ಇಂಗ್ಲೆಂಡಿನಿಂದ ಭೂವಿಜ್ಞಾನಿ ಮರ್ಚಿಸನ್ ಬಂದಾಗ ಕರೆದುಕೊಂಡು ಹೋಗಿ ತೋರಿಸಿದರು. ಮರ್ಚಿಸನ್ ಒಪ್ಪಿದರು. ಆದರೆ ಎಷರ್ ಅದನ್ನು ಬರೆದು ಪ್ರಕಟಿಸಲಿಲ್ಲ. ಬರೆದರೆ ಯಾರೂ ನಂಬುವುದಿಲ್ಲ, ನನ್ನನ್ನು ಹುಚ್ಚಾಸ್ಪತ್ರೆಗೆ ಸೇರಿಸುತ್ತಾರೆ ಅಂದರಂತೆ.

ಅದರ ಬದಲು ಅವರು ಮುಂದಿಟ್ಟದ್ದು ಜೋಡಿ ಮಡಿಕೆ. ಉತ್ತರದಿಂದೊಂದು, ದಕ್ಷಿಣದಿಂದೊಂದು, ಎರಡು ದೊಡ್ಡ ಮಡಿಕೆಗಳು ಎದುರುಬದುರಾಗಿ ಮಗುಚಿಕೊಂಡಿವೆ. ನಾನೂ ನಿನ್ನ ದೊಡ್ಡಮ್ಮನೂ ಜಮಖಾನೆಯ ಎರಡು ತುದಿ ಹಿಡಿದು ನಡುವಿಗೆ ಮಡಚುತ್ತೇವಲ್ಲ, ಹಾಗೆ. ಒಂದು ದೊಡ್ಡ ಆಶ್ಚರ್ಯವನ್ನು ನುಂಗುವ ಬದಲು ಎರಡು ಸಣ್ಣ ಆಶ್ಚರ್ಯಗಳು. ಜನ ಒಪ್ಪಿಕೊಳ್ಳುತ್ತಾರೆ ಅಂತ.

ಅವರ ಶಿಷ್ಯ ಆಲ್ಬರ್ಟ್ ಹೈಮ್. ಗುರುವಿನ ಮೇಲೆ ಅಪಾರ ಭಕ್ತಿ. 1878ರಲ್ಲಿ ದೊಡ್ಡ ಗ್ರಂಥ ಬರೆದು ಜೋಡಿ ಮಡಿಕೆಯನ್ನು ಕಲ್ಲಿನಷ್ಟು ಗಟ್ಟಿ ಮಾಡಿಬಿಟ್ಟರು. ನಾನು ಬೆರಳಿಟ್ಟೆ ಅಂದೆನಲ್ಲ, ಆ ಒಂದು ಮೀಟರ್ ಸುಣ್ಣಕಲ್ಲು, ಅದಕ್ಕೂ ಅವರ ಬಳಿ ಉತ್ತರ ಇತ್ತು. ಮಡಿಕೆಯಲ್ಲಿ ತಲೆಕೆಳಗಾದ ನಡುವಿನ ಭಾಗ ಹಿಂಡಿ ಹಿಂಡಿ ಇಷ್ಟು ತೆಳುವಾಗಿದೆ ಅಂದರು. ಈಗ ಅದನ್ನು ಥ್ರಸ್ಟಿನ ಅಡಿಯಲ್ಲಿ ಅರೆದು, ಬೆಲ್ಲದ ಪಾಕದ ಹಾಗೆ ಹರಿದ ಮೈಲೊನೈಟ್ ಅನ್ನುತ್ತೇವೆ. ಕಲ್ಲು ಅದೇ. ಓದಿದ್ದು ಬೇರೆ.

1884ರಲ್ಲಿ ಫ್ರಾನ್ಸಿನ ಭೂವಿಜ್ಞಾನಿ ಮಾರ್ಸೆಲ್ ಬೆರ್ಟ್ರಾಂ, ಇಲ್ಲ, ಇದು ಒಂದೇ ಥ್ರಸ್ಟ್ ಅಂತ ಬರೆದರು. ಅಷ್ಟರಲ್ಲಿ ಅವರು ಗ್ಲಾರುಸ್‌ಗೆ ಕಾಲೇ ಇಟ್ಟಿರಲಿಲ್ಲ! ಹೈಮ್ ಬಿಡಿಸಿದ್ದ ಚಿತ್ರಗಳನ್ನೇ ಮುಂದಿಟ್ಟುಕೊಂಡು, ಹೈಮ್ ತಪ್ಪು ಅಂತ ತೋರಿಸಿದರು. ಇದನ್ನು ಹೇಳುವಾಗ ಬೆರ್ಟ್ರಾಂ ಎಷ್ಟು ಚುರುಕು ಅಂತ ಎಲ್ಲರೂ ಹೊಗಳುತ್ತಾರೆ. ನಾನು ಹೈಮ್ ಕಡೆಯವನು. ಯಾಕೆ ಗೊತ್ತಾ? ಅವರ ತಲೆಯಲ್ಲಿ ಜೋಡಿ ಮಡಿಕೆ ಇತ್ತು, ಆದರೆ ಕೈ ಸುಳ್ಳು ಹೇಳಲಿಲ್ಲ. ಕಂಡದ್ದನ್ನು ಕಂಡ ಹಾಗೇ ಬಿಡಿಸಿದ್ದರು. ತನ್ನನ್ನೇ ಸೋಲಿಸುವಷ್ಟು ನಿಯತ್ತಿನ ಚಿತ್ರ. 1902ರ ಹೊತ್ತಿಗೆ ಹೈಮ್ ತಾವೇ ತಪ್ಪು ಒಪ್ಪಿಕೊಂಡು ಪತ್ರ ಬರೆದರು, ಅದು ಅಚ್ಚೂ ಆಯಿತು. ಅಷ್ಟು ದೊಡ್ಡ ಹೆಸರು ಮಾಡಿದ ಮೇಲೆ ಅದು ಸುಲಭದ ಕೆಲಸ ಅಲ್ಲ.

ಈಗ ನನ್ನ ಕಥೆ. ಇದನ್ನು ನಿನ್ನ ಅಪ್ಪನಿಗೂ ಹೇಳಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತು, ಇಲ್ಲೇ ದುರ್ಗದ ಸುತ್ತ ಮ್ಯಾಪಿಂಗ್. ಗ್ರೇವ್ಯಾಕ್ ಅನ್ನುವ ಮರಳುಕಲ್ಲಿನ ಪದರಗಳು. ದಪ್ಪ ಮರಳು ಕೆಳಗೆ ಕೂತು, ಮೇಲೆ ಹೋದ ಹಾಗೆ ನುಣ್ಣಗಾಗಬೇಕು ಅಲ್ವಾ? ಒಂದು ಹಳ್ಳದಲ್ಲಿ ಮೂರು ಕಡೆ ಉಲ್ಟಾ ಇತ್ತು. ದಪ್ಪ ಕಾಳು ಮೇಲೆ, ನುಣುಪು ಕೆಳಗೆ. ಪದರ ಬುಡಮೇಲಾಗಿದೆ ಅಂತ ಅರ್ಥ. ನೋಟ್‌ಬುಕ್ಕಲ್ಲಿ ಬರೆದುಕೊಂಡೆ. ಸಂಜೆ ಕ್ಯಾಂಪಲ್ಲಿ ಹಿರಿಯರೊಬ್ಬರು ನೋಡಿ, "ಹಳೇ ಮ್ಯಾಪಲ್ಲಿ ಹಾಗಿಲ್ಲವಲ್ಲಪ್ಪ" ಅಂದರು. ಅಷ್ಟೇ ಅಂದಿದ್ದು. ಗದರಲೂ ಇಲ್ಲ. ನಾನು ಲಾಟೀನು ಬೆಳಕಲ್ಲಿ ಕೂತು ಮೂರನ್ನೂ ರಬ್ಬರಲ್ಲಿ ಅಳಿಸಿದೆ. ಕೆಲವು ವರ್ಷದ ಮೇಲೆ ಬೇರೆಯವರು ಅದೇ ಹಳ್ಳದಲ್ಲಿ ಮಗುಚಿದ ಮಡಿಕೆ ಗುರುತಿಸಿದರು. ಹೆಸರು ಹೋಯಿತು ಅಂತ ನನಗೆ ಬೇಜಾರಿಲ್ಲ. ಆದರೆ ಆ ಪುಟವನ್ನು ಬೆಳಕಿಗೆ ಹಿಡಿದರೆ ಅಳಿಸಿದ ಗುರುತು ಇವತ್ತಿಗೂ ಕಾಣುತ್ತದೆ.

ಅದಕ್ಕೇ ಹೇಳುವುದು. ನೋಟ್‌ಬುಕ್ಕನ್ನು ಪೆನ್ನಲ್ಲಿ ಬರೆ, ನೀರಿಗೆ ಕರಗದ ಇಂಕು. ತಪ್ಪಾದರೆ ಒಂದು ಗೆರೆ ಹೊಡೆದು ಪಕ್ಕದಲ್ಲಿ ಬರೆ. ಎಡಪುಟದಲ್ಲಿ ಕಂಡದ್ದು, ಬಲಪುಟದಲ್ಲಿ ಅನಿಸಿದ್ದು. ಎರಡನ್ನೂ ಕಲಸಬೇಡ. ಪೆನ್ಸಿಲ್ಲು ಮ್ಯಾಪಿನ ಮೇಲೆ ಮಾತ್ರ.

ನೋಡುವುದಕ್ಕೆ ಏನಿದೆ ಅಂದೆಯಲ್ಲ, ಬೇಕಾದಷ್ಟಿದೆ. ಗೆರೆಯ ಕೆಳಗಿನ ಫ್ಲಿಶ್ ಅನ್ನು ಒಂದೇ ಮುದ್ದೆ ಅಂದುಕೊಳ್ಳಬೇಡ. ತಳದಲ್ಲಿ ಅಲ್ಲಿನದೇ ಆದ ಉತ್ತರ ಹೆಲ್ವೆಟಿಕ್ ಫ್ಲಿಶ್, ಅದರ ಮೇಲೆ ದಕ್ಷಿಣದಿಂದ ಬಂದ ಬ್ಲಾಟನ್‌ಗ್ರಾಟ್, ಅದಕ್ಕೂ ಮೇಲೆ ಇನ್ನೂ ದೂರದಿಂದ ಬಂದ ಸಾರ್ಡೋನಾ. ಬ್ಲಾಟನ್‌ಗ್ರಾಟಿನ ಸುಣ್ಣಕಲ್ಲಲ್ಲಿ ನುಮ್ಮುಲೈಟ್ ಅನ್ನುವ ಪಳೆಯುಳಿಕೆಗಳು ಸಿಗುತ್ತವೆ, ಹಳೇ ಕಾಸಿನ ಹಾಗೆ ದುಂಡಗೆ. ಇವು ಮೂರೂ ಒಂದರ ಮೇಲೊಂದು ಪೇರಿ, ಮಡಿಕೆ ಬಿದ್ದ ಮೇಲೆ ಗ್ಲಾರುಸ್ ಥ್ರಸ್ಟ್ ಬಂದು ಆ ಮಡಿಕೆಗಳನ್ನೇ ಕೊಯ್ದುಕೊಂಡು ಹೋಗಿದೆ. ಯಾವುದು ಮೊದಲು, ಯಾವುದು ಆಮೇಲೆ ಅಂತ ಅಲ್ಲೇ ಕಣ್ಣಿಗೆ ಕಾಣುತ್ತದೆ, ಸ್ವಲ್ಪ ತಾಳ್ಮೆ ಬೇಕು. ಗೆರೆಯ ಮೇಲೆ ವೆರುಕಾನೊ, ಅದರ ಮೇಲೆ ಹಳದಿಗೆ ತಿರುಗಿದ ರೋಟಿ ಡಾಲಮೈಟ್. ಅದು ನಮ್ಮ ರೊಟ್ಟಿ ಅಲ್ಲ, ನಗಬೇಡ. ಪುಡಿ ಮಾಡಿದರೆ ಮಾತ್ರ ಆ್ಯಸಿಡ್‌ಗೆ ನೊರೆ ಬರುತ್ತದೆ. ಆಮೇಲೆ ಜುರಾಸಿಕ್‌ನ ಕ್ವಿಂಟನ್ ಸುಣ್ಣಕಲ್ಲು. ಅದಕ್ಕಿಂತ ಈಚಿನ ಕ್ರಿಟೇಶಿಯಸ್ ಪದರಗಳು ಮಾತ್ರ ಶೇಲ್ ಅನ್ನುವ ಜಾರು ಜೇಡಿಕಲ್ಲಿನ ಮೇಲೆ ಕಳಚಿಕೊಂಡು ಇನ್ನೂ ಉತ್ತರಕ್ಕೆ ಓಡಿ, ಸೆಂಟಿಸ್ ನ್ಯಾಪ್ ಆಗಿವೆ.

ಫ್ಲಿಶ್ ಪದರಗಳಲ್ಲೂ ತಲೆ ಯಾವುದು, ಬುಡ ಯಾವುದು ಅಂತ ಪ್ರತಿ ಸಲ ನೋಡು. ನೀನು ಐದನೇ ಕ್ಲಾಸಲ್ಲಿದ್ದಾಗ ಮರಡಿಹಳ್ಳಿಯಲ್ಲಿ ನೀರೊಳಗೆ ದಿಂಬಿನ ಹಾಗೆ ಉಬ್ಬಿ ಗಟ್ಟಿಯಾದ ದಿಂಬು ಲಾವಾ ತೋರಿಸಿ, ಉಬ್ಬಿದ ಬೆನ್ನು ಮೇಲಕ್ಕೆ ಅಂತ ಹೇಳಿಕೊಟ್ಟಿದ್ದೆ. ಅಲ್ಲಿ ಲಾವಾ, ಇಲ್ಲಿ ಮರಳು. ಪ್ರಶ್ನೆ ಒಂದೇ.

ಇನ್ನೊಂದು. ನಾವು ಇಲ್ಲಿ ಸ್ಟ್ರೈಕ್, ಅಂದರೆ ಪದರ ಅಡ್ಡಲಾಗಿ ಹಾಯುವ ದಿಕ್ಕು, ಬರೆದು ಆಮೇಲೆ ಡಿಪ್, ಅಂದರೆ ಅದರ ಇಳಿಜಾರು, ಬರೆಯುತ್ತೇವೆ. ಅಲ್ಲಿಯವರು ಡಿಪ್ ಯಾವ ದಿಕ್ಕಿಗೆ ಅನ್ನುವುದನ್ನೇ ಮೊದಲು ಬರೆಯುತ್ತಾರೆ. ಯಾವುದನ್ನು ಬಳಸುತ್ತಿದ್ದೀ ಅಂತ ಮೊದಲ ಪುಟದಲ್ಲೇ ಬರೆದಿಡು. ಇಲ್ಲದಿದ್ದರೆ ಚಳಿಗಾಲದಲ್ಲಿ ಕೂತು ತೊಂಬತ್ತು ಡಿಗ್ರಿ ಲೆಕ್ಕ ಹಾಕುತ್ತಾ ಅಳುತ್ತೀಯ.

ಎಲ್ಮ್‌ನಲ್ಲಿ ಸ್ಲೇಟಿನ ಗಣಿ ಇತ್ತು. ಶಾಲೆ ಮಕ್ಕಳು ಬರೆಯುವ ಸ್ಲೇಟು. ಬೆಟ್ಟದ ಬುಡವನ್ನು ಒಳಗೊಳಗೇ ಕೊರೆದು, 1881ರ ಸೆಪ್ಟೆಂಬರ್ 11ರಂದು ಇಡೀ ಮೇಲ್ಭಾಗ ಕುಸಿದು 115 ಜನ ಸತ್ತರು. ಆ ಕುಸಿತವನ್ನು ಅಳೆದು ವರದಿ ಬರೆದವರಲ್ಲಿ ಇದೇ ಹೈಮ್ ಒಬ್ಬರು. ಮಳೆ ಬಂದ ಮಾರನೇ ದಿನ ಫ್ಲಿಶ್ ಇಳಿಜಾರಿಗೆ ಹೋಗಬೇಡ, ಅದು ಸೋಪಿನ ಹಾಗೆ ಜಾರುತ್ತದೆ. ಮಧ್ಯಾಹ್ನ ಮೋಡ ಕಟ್ಟಿದರೆ ಎಷ್ಟೇ ಒಳ್ಳೆಯ ಬಂಡೆ ಎದುರಿಗಿದ್ದರೂ ಇಳಿದುಬಿಡು. ಒಬ್ಬಳೇ ಹೋಗುವ ದಿನ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಉಳಿದುಕೊಂಡ ಕಡೆ ಹೇಳಿಯೇ ಹೋಗು.

ಗ್ಲಾರುಸ್‌ನಲ್ಲಿ ಶಾಬ್‌ಸೀಗರ್ ಅಂತ ಹಸಿರು ಚೀಸ್ ಸಿಗುತ್ತದೆ. ಮೆಂತ್ಯದ ಜಾತಿಯ ಒಂದು ಸೊಪ್ಪು ಹಾಕಿ ಮಾಡುತ್ತಾರೆ, ವಾಸನೆಯೂ ಥೇಟ್ ಹಾಗೇ. ತುರಿದು ಬಿಸಿ ಅನ್ನದ ಮೇಲೆ ಉದುರಿಸಿಕೊಂಡು ನೋಡು. ನಿನ್ನ ದೊಡ್ಡಮ್ಮ ಚಟ್ನಿಪುಡಿ ಕಟ್ಟಿ ಇಟ್ಟಿದ್ದಾಳೆ, ಮುಂದಿನ ವಾರ ಪಾರ್ಸಲ್ ಹಾಕುತ್ತೇನೆ. ಶಿಖರದ ಮುಂದೆ ನಿಂತ ಸೆಲ್ಫಿ ಅಮ್ಮನಿಗೆ ಕಳಿಸು. ನನಗೆ ನೋಟ್‌ಬುಕ್ಕಿನ ಎಡಪುಟದ ಫೋಟೋ ಬೇಕು, ವಾರಕ್ಕೊಂದಾದರೂ.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ