ಮಗಳಿಗೊಂದು ಪತ್ರ: ನಿನ್ನ ಮೂರು ಬಣ್ಣದ ಡಬ್ಬಿ

ಕೋಲಾರ
ಭಾನುವಾರ ರಾತ್ರಿ

ಪುಟ್ಟಿ,

ಫೋನ್ ಇಟ್ಟ ಮೇಲೆ ನಿದ್ದೆ ಹತ್ತಲಿಲ್ಲ. ನಿನಗೆ ಕೋಪ ಬಂದಿದ್ದು ಸರಿ. ನಿನ್ನ ಮೂರು ಬಣ್ಣದ ಆಟದ ರೈಲು ಡಬ್ಬಿಯನ್ನು ಬೀದಿಯ ಹುಡುಗನಿಗೆ ಕೊಡೋ ಮುಂಚೆ ನಿನ್ನನ್ನು ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ, ಅದು ನನ್ನ ತಪ್ಪು. ಆದರೆ ಕೊಟ್ಟಿದ್ದೇ ತಪ್ಪು ಅಂತ ನನಗೆ ಈಗಲೂ ಅನ್ನಿಸುತ್ತಿಲ್ಲ. ನೀನು ಅಳೋದಕ್ಕೆ ಶುರು ಮಾಡಿದರೆ ನನಗೆ ಬಾಯೇ ಬರೋದಿಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಪೂರ್ತಿ ಓದು, ಆಮೇಲೆ ಬೈಯಿ.

ಆ ಬಾಕ್ಸ್‌ಕಾರ್, ಅಂದರೆ ಸಾಮಾನು ಸಾಗಿಸೋ ಮುಚ್ಚಿದ ಗೂಡ್ಸ್ ಡಬ್ಬಿಯ ಮಾದರಿ, ಮನೆಗೆ ಬಂದಾಗ ನಿನಗೆ ನಾಲ್ಕು ವರ್ಷ. 2000ನೇ ಇಸವಿ ಬೇಸಿಗೆ. ನಿನ್ನ ಮಾವ ಚಿಕಾಗೋದಿಂದ ಬಂದಿದ್ದ. ಉಳಿದ ಮಕ್ಕಳಿಗೆ ಚಾಕೊಲೇಟು, ನಿನಗೆ ಮಾತ್ರ ಒಂದು ಉದ್ದನೆಯ ರಟ್ಟಿನ ಡಬ್ಬ. ಒಳಗೆ ರೈಲು ಇರಲಿಲ್ಲ, ಬರೀ ತುಂಡುಗಳಿದ್ದವು. ಕೆಂಪು, ಬಿಳಿ, ನೀಲಿ ಮೂರು ಪಟ್ಟೆಯ ಪ್ಲಾಸ್ಟಿಕ್ ಮೈ, ಒಂದು ಕಬ್ಬಿಣದ ಪಟ್ಟಿ, ತಳ, ಚಕ್ರ, ಅಕ್ಕಿಕಾಳಿನಷ್ಟು ಸ್ಕ್ರೂಗಳು. ನೀನು ಮಲಗಿದ ಮೇಲೆ ಅಡುಗೆಮನೆ ದೀಪದ ಕೆಳಗೆ ಚಾಪೆ ಹಾಸಿಕೊಂಡು, ಸ್ಕ್ರೂ ಕಳೆದುಹೋಗದಿರಲಿ ಅಂತ ಎಲ್ಲವನ್ನೂ ಸ್ಟೀಲ್ ತಟ್ಟೆಗೆ ಸುರಿದುಕೊಂಡು, ಮೂರು ರಾತ್ರಿ ಕೂತು ಜೋಡಿಸಿದೆ. ಅಲ್ಲಿಯವರೆಗೆ ನಾನು ಆಟದ ಸಾಮಾನನ್ನು ಅಷ್ಟು ಹತ್ತಿರದಿಂದ ನೋಡಿದ್ದೇ ಇಲ್ಲ. ಬಾಗಿಲಿಗೆ ಚಿಲಕ ಇತ್ತು. ಪಕ್ಕದಲ್ಲಿ ಏಣಿ. ಚಾವಣಿ ಮೇಲೆ ಉದ್ದಕ್ಕೂ ಒಂದು ಹಲಗೆ. 'ಮೇಲೆ ಯಾಕಮ್ಮ ಬೆಂಚು?' ಅಂತ ನೀನು ಬೆಳಿಗ್ಗೆ ಎದ್ದು ಕೇಳಿದ ಮೊದಲ ಪ್ರಶ್ನೆ ಅದೇ. ಹಿಂದೆಲ್ಲ ರೈಲು ಓಡುತ್ತಿರುವಾಗಲೇ ಬ್ರೇಕಿನವರು ಆ ಹಲಗೆ ಮೇಲೆ ನಡೆದುಕೊಂಡು ಡಬ್ಬಿಯಿಂದ ಡಬ್ಬಿಗೆ ಹೋಗಿ ಚಕ್ರ ತಿರುಗಿಸಿ ಬ್ರೇಕ್ ಹಾಕಬೇಕಿತ್ತಂತೆ. ಮಳೆ, ಹಿಮ ಯಾವುದೂ ನೋಡೋ ಹಾಗಿಲ್ಲ. 1966ರಿಂದ ಹೊಸ ಡಬ್ಬಿಗಳಿಗೆ ಆ ಹಲಗೆ ಹಾಕೋದನ್ನು ನಿಲ್ಲಿಸಿದರು. ಹಾಗಾಗಿ ಹಲಗೆ ಇದೆಯಾ ಇಲ್ವಾ ನೋಡಿದರೆ ಸಾಕು, ಮಾದರಿ ಯಾವ ಕಾಲದ್ದು ಅಂತ ಸುಮಾರಾಗಿ ಹೇಳಬಹುದು.

ಮಾವ ಒಂದು ಚೀಟಿಯಲ್ಲಿ ತೂಕದ ಲೆಕ್ಕವನ್ನೂ ಬರೆದುಕೊಟ್ಟಿದ್ದ. ಅಮೆರಿಕದ ಮಾದರಿ ರೈಲು ಸಂಘ ಎನ್‌ಎಂಆರ್‌ಎ, 1935ರಲ್ಲಿ ಶುರುವಾದದ್ದು, ಅವರ ಲೆಕ್ಕ ಅದು. ಎಚ್‌ಒ ಅಳತೆಯಲ್ಲಿ, ಅಂದರೆ ನಿಜವಾದ ರೈಲಿನ 87ರಲ್ಲಿ 1 ಪಾಲಿನ ಮಾದರಿಗೆ, ಒಂದು ಔನ್ಸ್ ಇಟ್ಟುಕೊಂಡು ಪ್ರತಿ ಇಂಚು ಉದ್ದಕ್ಕೆ ಅರ್ಧ ಔನ್ಸ್ ಸೇರಿಸಬೇಕು. ನಮ್ಮದು 40 ಅಡಿ ಬಾಕ್ಸ್‌ಕಾರ್, ಮಾದರಿಯಲ್ಲಿ 14 ಸೆಂಟಿಮೀಟರ್, ಐದೂವರೆ ಇಂಚು. ಲೆಕ್ಕ ಹಾಕಿದರೆ 106 ಗ್ರಾಂ ಬರಬೇಕು. ತೂಕ ಕಡಿಮೆಯಾದರೆ ತಿರುವಿನಲ್ಲಿ ಹಿಂದೆ ಮುಂದೆ ಎಳೆತ ಬಿದ್ದು ಡಬ್ಬಿ ಹಳಿ ತಪ್ಪುತ್ತದೆ. ಪೇಟೆಯ ಅಕ್ಕಸಾಲಿಗರ ಅಂಗಡಿಗೆ ತೆಗೆದುಕೊಂಡು ಹೋದೆ. ಓಲೆ ತೂಗುವ ತಕ್ಕಡಿಯಲ್ಲಿ ಅವರು ಮುಖದಲ್ಲಿ ಒಂದು ಗೆರೆಯೂ ಅಲುಗದ ಹಾಗೆ ತೂಗಿ 86 ಗ್ರಾಂ ಅಂದರು. ಮನೆಗೆ ಬಂದು ನಾಲ್ಕು ಒಂದು ರೂಪಾಯಿ ನಾಣ್ಯಗಳನ್ನು, ಒಂದೊಂದೂ ಹತ್ತಿರ ಹತ್ತಿರ ಐದು ಗ್ರಾಂ, ಅರಾಲ್ಡೈಟ್ ಹಚ್ಚಿ ತಳಕ್ಕೆ ಅಂಟಿಸಿದೆ. ನಿನಗೆ ಇದು ಇವತ್ತಿನವರೆಗೂ ಗೊತ್ತಿಲ್ಲ ಅಂತ ಕಾಣುತ್ತೆ. ನಿನ್ನ ಡಬ್ಬಿಯ ಹೊಟ್ಟೆಯಲ್ಲಿ ನಾಲ್ಕು ರೂಪಾಯಿ ಇದೆ.

ಅದರ ಮೇಲೆ ಬರೆದಿದ್ದು 'ಸ್ಟೇಟ್ ಆಫ್ ಮೇನ್'. ಮೇನ್ ಅಮೆರಿಕದ ಈಶಾನ್ಯ ಮೂಲೆಯ ರಾಜ್ಯ, ಆಲೂಗಡ್ಡೆಯ ಸೀಮೆ. ಅಲ್ಲಿನ ಬ್ಯಾಂಗರ್ ಆ್ಯಂಡ್ ಅರೂಸ್ಟುಕ್ ಅನ್ನೋ ರೈಲು ಕಂಪನಿ 1950ರ ದಶಕದಲ್ಲಿ ಈ ಮೂರು ಬಣ್ಣದ ಡಬ್ಬಿಗಳನ್ನು ಓಡಿಸುತ್ತಿತ್ತು. ಆಲೂಗಡ್ಡೆ ನಮಗೇನು ಹೊಸದಾ, ಅಲ್ವಾ? ಅದನ್ನು ಕೇಳಿದಾಗಿನಿಂದ ಆ ಡಬ್ಬಿ ನನಗೆ ದೂರದ್ದು ಅಂತ ಅನ್ನಿಸಲೇ ಇಲ್ಲ.

ಈ ಬಾಕ್ಸ್‌ಕಾರ್‌ಗಳನ್ನೇ ಜನ ಯಾಕೆ ಸೇರಿಸುತ್ತಾರೆ, ಎಂಜಿನ್ ಯಾಕಲ್ಲ ಅಂತ ನೀನು ಒಮ್ಮೆ ಕೇಳಿದ್ದೆ. ಆಗ ನನಗೆ ಸರಿಯಾಗಿ ಹೇಳೋದಕ್ಕೆ ಬರಲಿಲ್ಲ. ಅಲ್ಲಿ ರೈಲು ನಮ್ಮ ಹಾಗೆ ಒಂದೇ ಇಲಾಖೆಯದ್ದಲ್ಲ. ನೂರಕ್ಕೂ ಜಾಸ್ತಿ ಕಂಪನಿಗಳಿದ್ದವು, ಒಂದೊಂದಕ್ಕೂ ಅದರದ್ದೇ ಬಣ್ಣ, ಅದರದ್ದೇ ಗುರುತು. ಎಂಜಿನ್ ಸಾಮಾನ್ಯವಾಗಿ ತನ್ನ ಕಂಪನಿಯ ಹಳಿ ಮೇಲೇ ಇರುತ್ತಿತ್ತು. ಬಾಕ್ಸ್‌ಕಾರ್ ಹಾಗಲ್ಲ. ಮೇನ್‌ನಲ್ಲಿ ತುಂಬಿದ ಮೂಟೆ ಚಿಕಾಗೋ ದಾಟಿ ಹೋಗಬೇಕು ಅಂದರೆ ಮೂಟೆ ಇಳಿಸಿ ಹತ್ತಿಸುತ್ತಾ ಕೂರೋದಿಲ್ಲ, ಡಬ್ಬಿಯನ್ನೇ ಪಕ್ಕದ ಕಂಪನಿಯ ಹಳಿಗೆ ದಾಟಿಸುತ್ತಾರೆ, ಅವರು ಅದರ ಮುಂದಿನವರಿಗೆ. ತಮ್ಮ ಹಳಿ ಮೇಲೆ ಎಷ್ಟು ದಿನ ಇತ್ತೋ ಅಷ್ಟು ದಿನದ ಬಾಡಿಗೆಯನ್ನು ಡಬ್ಬಿಯ ಯಜಮಾನರಿಗೆ ಕಟ್ಟುತ್ತಾರೆ. ಹಾಗಾಗಿ ಒಂದೇ ಗೂಡ್ಸ್ ರೈಲಿನಲ್ಲಿ ಇಪ್ಪತ್ತು ಊರಿನ ಇಪ್ಪತ್ತು ಬಣ್ಣ. ಬಾಕ್ಸ್‌ಕಾರ್ ಅನ್ನೋದು ಹುಟ್ಟಿದ್ದೇ ಬೇರೆಯವರ ಹಳಿಗೆ ಹೋಗೋದಕ್ಕೆ. ಇದನ್ನು ನೆನಪಿಟ್ಟುಕೋ, ಮುಂದೆ ಮತ್ತೆ ಹೇಳುತ್ತೇನೆ.

ನಮ್ಮ ಡಬ್ಬಿಗಳು ನೋಡೋದಕ್ಕೆ ಒಂದೇ ಥರ, ಇಟ್ಟಿಗೆ ಬಣ್ಣ. ಆದರೂ ಅವೂ ಮಾತಾಡುತ್ತವೆ ಅಂತ ನಿನಗೆ ಗೊತ್ತು. ಬಂಗಾರಪೇಟೆ ಜಂಕ್ಷನ್ ನೆನಪಿದೆಯಾ? ಅಜ್ಜಿ ಮನೆಗೆ ಹೋಗೋದಕ್ಕೆ ಮಾರಿಕುಪ್ಪಂ ರೈಲಿಗೆ ಕಾಯುತ್ತಾ ಕೂತಿದ್ದಾಗ ಎದುರಿನ ಲೈನಿನಲ್ಲಿ ಗೂಡ್ಸ್ ಬಂದು ನಿಲ್ಲುತ್ತಿತ್ತು. ನೀನು ಆರನೇ ಕ್ಲಾಸು. ಡಬ್ಬಿ ಮೇಲೆ ಬರೆದಿರೋ ಬಿಸಿಎನ್ ಅಂದರೆ ಬಿ ಬೋಗಿ, ಅಂದರೆ ಚಕ್ರಗಳ ಚೌಕಟ್ಟು, ಸಿ ಕವರ್ಡ್, ಮುಚ್ಚಿದ್ದು, ಎನ್ ಅಂದರೆ ಏರ್ ಬ್ರೇಕ್ ಇದೆ ಅಂತ ಅರ್ಥ, ಅದನ್ನು ಒಂದೇ ಸಲಕ್ಕೆ ಕಲಿತೆ. ಆಮೇಲೆ ಡಬ್ಬಿ ಮೇಲಿನ ಆ ಹನ್ನೊಂದು ಅಂಕಿಯ ನಂಬರು. ಮೊದಲ ಎರಡು ಡಬ್ಬಿಯ ಜಾತಿ, 30ರಿಂದ 39 ಇದ್ದರೆ ಮುಚ್ಚಿದ ಡಬ್ಬಿ. ಆಮೇಲಿನ ಎರಡು ಯಾವ ರೈಲ್ವೆ, 15 ಇದ್ದರೆ ನಮ್ಮ ನೈಋತ್ಯ ರೈಲ್ವೆ. ಮುಂದಿನ ಎರಡು ತಯಾರಾದ ವರ್ಷ. ಆಮೇಲೆ ನಾಲ್ಕು ಅದರ ಸ್ವಂತ ನಂಬರು. ಕೊನೆಯದು ತಾಳೆ ನೋಡೋ ಅಂಕಿ. ನಿನ್ನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ 3115072846 ಅಂತ ಹತ್ತು ಅಂಕಿ, ಅದರ ಮುಂದೆ ಹನ್ನೊಂದನೆಯದನ್ನೂ ಬರೆದು, ಆ ಕೊನೆಯ ಅಂಕಿಯನ್ನು ಕೈಯಿಂದ ಮುಚ್ಚಿಟ್ಟು, ಹೇಳು ನೋಡೋಣ ಅಂದೆ. ಸಮ ಸ್ಥಾನದ ಅಂಕಿಗಳನ್ನು ಕೂಡಿದೆ, 27. ಮೂರರಿಂದ ಗುಣಿಸಿದೆ, 81. ಬೆಸ ಸ್ಥಾನದವು 10. ಒಟ್ಟು 91. ಮುಂದಿನ ಹತ್ತರ ಗುಣಕ 100, ಅದಕ್ಕೆ ಎಷ್ಟು ಬೇಕು? 'ಒಂಬತ್ತು!' ಅಂತ ಕಿರುಚಿದೆ. ಕೈ ತೆಗೆದರೆ 9. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟಿದ್ದೇನೆ ಪುಟ್ಟಿ, ಆ ಪ್ಲಾಟ್‌ಫಾರ್ಮಿನಲ್ಲಿ ನಿನ್ನ ಮುಖ ನೋಡಿದಂಥ ಖುಷಿ ಕ್ಲಾಸಿನಲ್ಲಿ ಸಿಕ್ಕಿದ್ದು ಕಡಿಮೆ.

ಒಂದು ಡಬ್ಬಿ ಹನ್ನೊಂದಾಗಿದ್ದು ನಿನಗೆ ಗೊತ್ತಿರೋದೇ. ಮಾವ ಬಂದಾಗಲೆಲ್ಲ ಒಂದೊಂದು ತಂದ. ಅರಸೀಕೆರೆಯ ನಿವೃತ್ತ ಗಾರ್ಡ್ ಒಬ್ಬರ ಜೊತೆ ಪಾರ್ಸೆಲ್‌ನಲ್ಲಿ ಕೊಟ್ಟು ತೆಗೆದುಕೊಂಡೆವು. ಆಗಲೇ ನಾನು ಎಲ್ಲಕ್ಕೂ ಕೊಂಡಿ ಬದಲಾಯಿಸಿದ್ದು. ಹಳೇ ಕಿಟ್‌ಗಳ ಪ್ಲಾಸ್ಟಿಕ್ ಕೊಂಡಿ ತೆಗೆದು ಕೇಡಿ ಕಂಪನಿಯ 5ನೇ ನಂಬರಿನ ಲೋಹದ ಕೊಂಡಿ ಹಾಕಿದೆ, ಬೆರಳು ಮಡಚಿ ಕೈಗೆ ಕೈ ಸಿಕ್ಕಿಸಿದ ಹಾಗೆ ಕೂಡಿಕೊಳ್ಳುತ್ತಲ್ಲ, ಅದು. ನಮ್ಮ ಬಿಸಿಎನ್ ಡಬ್ಬಿಯ ಕೊಂಡಿಯೂ ಅದೇ ಜಾತಿ. ಎಲ್ಲರದ್ದೂ ಒಂದೇ ಕೊಂಡಿ, ಒಂದೇ ಎತ್ತರ ಇದ್ದರೆ ಮಾತ್ರ ನನ್ನ ಡಬ್ಬಿ ಅವರ ರೈಲಿಗೆ ಸೇರುತ್ತೆ.

ಆಮೇಲೆ ನೀನು ಇಂಜಿನಿಯರಿಂಗ್ ಅಂತ ಮೈಸೂರಿಗೆ ಹೋದೆ, 2014. ಮನೆ ಬಿಕೋ ಅನ್ನುತ್ತಿತ್ತು. ಹಳಿ ಬಿಚ್ಚಿದೆ. ಡಬ್ಬಿಗಳು ಹಾಳಾಗಬಾರದು, ನೀನು ಬಂದಾಗ ಹೊಸದರ ಹಾಗೇ ಇರಬೇಕು ಅಂತ ಒಂದೊಂದನ್ನೂ ಮೆತ್ತನೆ ಸ್ಪಂಜಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಒಂಬತ್ತು ವರ್ಷ ತೆಗೆಯಲೇ ಇಲ್ಲ. ಮನೆಗೆ ಸುಣ್ಣ ಹೊಡೆಸುವಾಗ ಬೀರು ಖಾಲಿ ಮಾಡಿದೆನಲ್ಲ, ಆವತ್ತು ತೆಗೆದೆ. ಸ್ಪಂಜು ಕರಗಿ ಬೆಲ್ಲದ ಪಾಕದ ಹಾಗೆ ಅಂಟಂಟಾಗಿತ್ತು. ಹಳೇದಾದರೆ, ಅದರಲ್ಲೂ ಸೆಕೆಗೆ, ತೇವಕ್ಕೆ, ಆ ಸ್ಪಂಜು ಹಾಗೇ ಆಗುತ್ತಂತೆ, ಆಗ ನನಗೆ ತಿಳಿದಿರಲಿಲ್ಲ. ಎಳೆದರೆ ಬಣ್ಣ ಕಿತ್ತು ಬಂತು. ಮೂರು ಡಬ್ಬಿಗಳ ಅಕ್ಷರವೇ ಹೋಯಿತು. ನೆಲದ ಮೇಲೆ ಕೂತು ಬೆರಳಿನಿಂದ ಒಂದೊಂದು ಚೂರು ಬಿಡಿಸುತ್ತಾ ಅತ್ತೆ. ನಿನಗೆ ಹೇಳಲಿಲ್ಲ. ನಿನ್ನ ಮೂರು ಬಣ್ಣದ್ದು ಉಳಿಯಿತು, ಯಾಕೆ ಗೊತ್ತಾ? ಸ್ಪಂಜು ಸಾಲದೆ ಅದೊಂದನ್ನು ಮಾತ್ರ ನನ್ನ ಹಳೇ ಕಾಟನ್ ಸೀರೆಯ ತುಂಡಿನಲ್ಲಿ ಸುತ್ತಿದ್ದೆ.

ಅಷ್ಟು ವರ್ಷ ನೀನು ಕೈಯಲ್ಲಿ ಹಿಡಿದು, ಬೀಳಿಸಿ, ಬಾಗಿಲು ಮುರಿದು ಆಡಿದಾಗ ಆಗದಿದ್ದ ಹಾನಿ ಬೀಗ ಹಾಕಿದ ಬೀರುವಿನಲ್ಲಿ ಆಯಿತು. ಆವತ್ತೇ ತೀರ್ಮಾನ ಮಾಡಿದೆ, ಇನ್ನು ಯಾವುದನ್ನೂ ಒಳಗೆ ಇಡೋದಿಲ್ಲ ಅಂತ. ಎಂಟು ಡಬ್ಬಿಗಳನ್ನು ಹಾಲ್‌ನ ಕಿಟಕಿ ಪಕ್ಕ ಹಳಿ ಹಾಕಿ ನಿಲ್ಲಿಸಿದೆ.

ಆ ಹುಡುಗ ಬಂದಿದ್ದು ಹಾಗೆ. ನಮ್ಮ ಬೀದಿಯ ಕೊನೇ ಮನೆ, ಎಂಟನೇ ಕ್ಲಾಸು. ಅವರಪ್ಪ ಎಪಿಎಂಸಿಗೆ ಟೊಮೆಟೊ ಲೋಡ್ ಹೊಡೆಯುತ್ತಾರೆ. ಕಿಟಕಿಯಿಂದ ಇಣುಕುತ್ತಿದ್ದ, ಒಳಗೆ ಕರೆದೆ. ಮುಟ್ಟಲಿಲ್ಲ ಕಣೇ. ಕೈ ಹಿಂದೆ ಕಟ್ಟಿಕೊಂಡು, ಮಂಡಿಯೂರಿ, ಕಣ್ಣನ್ನು ಹಳಿಯ ಮಟ್ಟಕ್ಕೆ ತಂದು ನೋಡಿದ. ಮಾರನೇ ದಿನ ಸ್ಕೇಲು ತಂದ. ಅವನಿಗೆ ಆ ಹನ್ನೊಂದು ಅಂಕಿಯ ಲೆಕ್ಕ ಹೇಳಿಕೊಟ್ಟೆ, ನಿನ್ನಷ್ಟೇ ಬೇಗ ಹಿಡಿದ. ಕೋಲಾರಕ್ಕೆ ಮೊದಲು ಬಂದಿದ್ದ ಸಣ್ಣ ರೈಲಿನ ಕಥೆಯನ್ನೂ ಹೇಳಿದೆ. 1913ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ ಬಂತು, ಹಳಿಯ ಅಗಲ 762 ಮಿಲಿಮೀಟರ್ ಅಷ್ಟೇ, ಚಿಕ್ಕವಳಿದ್ದಾಗ ನಾನೇ ಅದರಲ್ಲಿ ಚಿಂತಾಮಣಿಗೆ ಹೋಗಿದ್ದೇನೆ, ಶ್ರೀನಿವಾಸಪುರದಲ್ಲಿ ಮಾವಿನ ಬುಟ್ಟಿ ಹತ್ತಿಸುತ್ತಿದ್ದರು. ಆ ಲೈನ್ ಮುಚ್ಚಿ, ದೊಡ್ಡ ಹಳಿ ಚಿಕ್ಕಬಳ್ಳಾಪುರದಿಂದ ಕೋಲಾರಕ್ಕೆ ಕೂಡಿದ್ದು 2013ರಲ್ಲಿ. ಅವನು ಅದನ್ನೇ ಹಿಡಿದುಕೊಂಡ. 762ನ್ನು 87ರಿಂದ ಭಾಗಿಸಿದರೆ ಒಂಬತ್ತು ಮಿಲಿಮೀಟರಿಗೆ ಹತ್ತಿರ ಬರುತ್ತೆ, ಎನ್ ಅಳತೆಯ, ಅಂದರೆ ಎಚ್‌ಒಗಿಂತ ಚಿಕ್ಕ ಮಾದರಿಗಳ ಹಳಿ ಸರಿಯಾಗಿ ಒಂಬತ್ತೇ ಇರುತ್ತೆ ಅಂತ ಅವನೇ ಕಂಡುಹಿಡಿದು ಬಂದ.

ಎರಡು ತಿಂಗಳು ಮಾಡಿದ. ಮದುವೆ ಕರೆಯೋಲೆಗಳ ದಪ್ಪ ಕಾಗದ ಕತ್ತರಿಸಿ, ನಾನು ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡು, ಮಾವ ಯಾವಾಗಲೋ ತಂದಿದ್ದ ಮುರಿದ ಎನ್ ಡಬ್ಬಿಯ ಚಕ್ರ ಹಾಕಿ, ಆ ಸಣ್ಣ ರೈಲಿನ ಒಂದು ಗೂಡ್ಸ್ ಡಬ್ಬಿ. ಬಾಗಿಲು ಜಾರಿ ತೆಗೆಯುತ್ತೆ. ಒಳಗೆ ಹುಣಸೆ ಬೀಜದ ಸಿಪ್ಪೆಯಲ್ಲಿ ಮಾಡಿದ ಮಾವಿನ ಬುಟ್ಟಿಗಳು. ತಂದು ನನ್ನ ಅಂಗೈ ಮೇಲೆ ಇಟ್ಟು 'ಟೀಚರ್, ಇದು ನಿಮಗೆ' ಅಂದ.

ಬದಲಿಗೆ ಏನು ಬೇಕೋ ಎಂದು ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ ನಿನ್ನದನ್ನು ತೋರಿಸಿದ. ಇನ್ನೂ ಏಳು ಡಬ್ಬಿ ಇದ್ದವು, ಅದರಲ್ಲಿ ಒಂದನ್ನು ತಗೋ ಅನ್ನಬಹುದಿತ್ತು. ಆದರೆ ಅವನು ತನ್ನ ಹತ್ತಿರ ಇದ್ದ ಒಂದೇ ಒಂದನ್ನು ನನಗೆ ಕೊಟ್ಟಿದ್ದ ಪುಟ್ಟಿ. ನನಗೆ ಮನಸ್ಸಿಲ್ಲದ್ದನ್ನು ಆರಿಸಿ ಕೊಡೋದಕ್ಕೆ ಕೈ ಬರಲಿಲ್ಲ. ಬಾಕ್ಸ್‌ಕಾರ್ ಬೇರೆಯವರ ಹಳಿಗೆ ಹೋಗೋದಕ್ಕೆ ಹುಟ್ಟಿದ್ದು ಅಂತ ಅಷ್ಟು ವರ್ಷ ನಿನಗೆ ನಾನೇ ಹೇಳಿದ್ದೆನಲ್ಲ. ಕಾಟನ್ ಸೀರೆ ತುಂಡಿನ ಸಮೇತ ಕೊಟ್ಟೆ. ಒಳಗಿನ ನಾಲ್ಕು ರೂಪಾಯಿ ವಿಷಯ ಅವನಿಗೂ ಹೇಳಿಲ್ಲ, ಬೇಕಾದರೆ ನೀನೇ ಹೇಳು. ಯುಗಾದಿಗೆ ಅಕ್ಕ ಬರ್ತಾರೆ ಅಂದಿದ್ದಕ್ಕೆ, 'ತಂದು ಓಡಿಸ್ತೀನಿ ಟೀಚರ್' ಅಂದಿದ್ದಾನೆ.

ಬರೋ ಗುರುವಾರ ಚಿಕ್ಕಮ್ಮ ಪುಣೆಗೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಎರಡು ಬಾಕ್ಸ್‌ಕಾರ್ ಮತ್ತೆ ಆ ಹುಡುಗನ ಡಬ್ಬಿ ಕಳಿಸುತ್ತಿದ್ದೇನೆ. ಎರಡರಲ್ಲಿ ಒಂದು ಅಕ್ಷರ ಕಿತ್ತುಹೋದದ್ದು, ಬೇಕಂತಲೇ ಕಳಿಸಿದ್ದೇನೆ, ನಿನ್ನ ಕೈಗೆ ಹೊಸ ಬಣ್ಣ ಹೊಡೆಯೋ ಕೆಲಸ ಸಿಗಲಿ. ಕೋತ್ರೂಡ್‌ನಲ್ಲಿ ಜೋಶಿಯವರ ಪುಟಾಣಿ ರೈಲುಗಳ ಮ್ಯೂಸಿಯಂ ಇದೆಯಲ್ಲ, ನಾಲ್ಕು ವರ್ಷದಿಂದ ಅದೇ ಊರಿನಲ್ಲಿದ್ದೂ ಹೋಗಿಲ್ಲ ಅಂದಿದ್ದೆ. ಒಂದು ಭಾನುವಾರ ಹೋಗಿ ಬಾ, ಅಲ್ಲಿ ನೋಡೋದಕ್ಕೆ ಬಂದ ಯಾರಾದರೂ ಮಾತಿಗೆ ಸಿಗುತ್ತಾರೆ.

ಹುಡುಗನ ಡಬ್ಬಿಯನ್ನು ಸ್ಪಂಜಿನಲ್ಲಿ ಇಡಬೇಡ, ಬಟ್ಟೆಯಲ್ಲಿ ಸುತ್ತಿರೋ ಹಾಗೇ ಇರಲಿ. ಎಡಗಡೆ ಬಾಗಿಲನ್ನು ಈಗಲೇ ಜಾರಿಸಬೇಡ. ಮೊನ್ನೆ ಮತ್ತೆ ಅಂಟಿಸಿದ್ದಾನೆ, ಗುರುವಾರ ಆದಮೇಲಿನ ಸೋಮವಾರದವರೆಗೆ ಒಣಗಬೇಕಂತೆ.

ನಿನ್ನ ಅಮ್ಮ