ನಾಲ್ಕು ಮನೆ, ನಾಲ್ಕು ಮಕ್ಕಳಲ್ಲ

ಮಾನ್ಯ ಸಂಪಾದಕರೇ,

ಅನುವಂಶೀಯತೆಯ ಪಾಠ ಮುಗಿಸಿದ ಪ್ರೌಢಶಾಲೆಯ ಮಕ್ಕಳ ಮುಂದೆ ಈ ಪ್ರಶ್ನೆ ಇಟ್ಟು ನೋಡಿ: ತಂದೆ, ತಾಯಿ ಇಬ್ಬರೂ ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಯ ವಾಹಕರು, ಅಂದರೆ ಕೆಟ್ಟ ವಂಶವಾಹಿಯ ಒಂದು ಪ್ರತಿ ಇದ್ದರೂ ಕಾಯಿಲೆ ಇಲ್ಲದವರು. ಮೊದಲ ಮಗುವಿಗೆ ಕಾಯಿಲೆ ಇದೆ. ಎರಡನೆಯದಕ್ಕೆ ಬರುವ ಸಾಧ್ಯತೆ ಎಷ್ಟು? ತಂದೆ, ತಾಯಿಯ ವಂಶವಾಹಿಗಳು ಕೂಡುವ ಬಗೆಗಳನ್ನು ನಾಲ್ಕು ಮನೆಗಳಲ್ಲಿ ತೋರಿಸುವ ಪನ್ನೆಟ್ ಚೌಕವನ್ನು ತಪ್ಪಿಲ್ಲದೆ ಬರೆಯುವವರೇ ‘ಇನ್ನು ಮೂವರಿಗೆ ಬರುವುದಿಲ್ಲ’ ಎಂದುಬಿಡುತ್ತಾರೆ. ಸರಿಯುತ್ತರ ಮತ್ತೆ ನಾಲ್ಕರಲ್ಲಿ ಒಂದೇ. ಪ್ರತಿ ಗರ್ಭಕ್ಕೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ.

ಇದು ಮಕ್ಕಳ ತಪ್ಪಲ್ಲ. ಚೌಕದ ನಾಲ್ಕು ಮನೆಗಳನ್ನು ನಾಲ್ಕು ಮಕ್ಕಳೆಂದು, ನಾಲ್ಕು ಗಿಡಗಳೆಂದು ಓದಿಸುವ ನಮ್ಮ ಪಾಠದ ತಪ್ಪು. ಆ ಮನೆಗಳು ತೋರಿಸುವುದು ಸಾಧ್ಯತೆಯನ್ನು ಮಾತ್ರ. ವಾಹಕ ದಂಪತಿಗೆ ನಾಲ್ಕು ಮಕ್ಕಳಾದರೆ ಸರಿಯಾಗಿ ಒಬ್ಬರಿಗೇ ಕಾಯಿಲೆ ಬರುವ ಸಾಧ್ಯತೆ ಶೇ 42ರಷ್ಟು. ಯಾರಿಗೂ ಬಾರದಿರುವ ಸಾಧ್ಯತೆ ಶೇ 32ರ ಹತ್ತಿರ. ಇಬ್ಬರಿಗೆ ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿಗೆ ಬರುವುದು ಶೇ 26.

ಅನುವಂಶೀಯತೆಯ ನಿಯಮಗಳನ್ನು ಕಂಡುಹಿಡಿದ ಮೆಂಡೆಲ್‌ ಇದನ್ನು ಮುಚ್ಚಿಟ್ಟಿರಲಿಲ್ಲ. 1866ರಲ್ಲಿ ಅಚ್ಚಾದ ಅವನ ಪ್ರಬಂಧದಲ್ಲಿ ದುಂಡು ಕಾಳಿನ, ಸುಕ್ಕು ಕಾಳಿನ ತಳಿಗಳನ್ನು ಕೂಡಿಸಿ ಪಡೆದ 253 ಮಿಶ್ರತಳಿ ಬಟಾಣಿ ಗಿಡಗಳಿಂದ ಸಿಕ್ಕ 7,324 ಕಾಳುಗಳ ಲೆಕ್ಕವಿದೆ: 5,474 ದುಂಡು, 1,850 ಸುಕ್ಕು. ಅಂದರೆ 2.96ಕ್ಕೆ 1. ನಮ್ಮ ಪಾಠಗಳು ಈ ಮೊತ್ತವನ್ನು ಹೇಳಿ ಮುಂದೆ ಹೋಗುತ್ತವೆ. ಆದರೆ ಅದೇ ಪ್ರಬಂಧದಲ್ಲಿ ಬಿಡಿ ಗಿಡಗಳ ಲೆಕ್ಕವೂ ಇದೆ. ಒಂದು ಗಿಡದಲ್ಲಿ 43 ದುಂಡು ಕಾಳಿಗೆ ಬರೀ 2 ಸುಕ್ಕು. ಇನ್ನೊಂದರಲ್ಲಿ 14 ದುಂಡು, 15 ಸುಕ್ಕು! ಆ ಎರಡು ಗಿಡಗಳನ್ನು ಕಪ್ಪುಹಲಗೆಯ ಮೇಲೆ ಬರೆದರೆ ಅರ್ಧ ಪಾಠ ಮುಗಿದಂತೆ.

ಉಳಿದರ್ಧಕ್ಕೆ ಒಂದು ಪಿರಿಯಡ್‌, ಎರಡು ಬಣ್ಣದ ಮಣಿಗಳು ಸಾಕು. ಇಬ್ಬಿಬ್ಬರು ಮಕ್ಕಳ ಪ್ರತಿ ಜೋಡಿಗೂ ಒಳಗೇನಿದೆ ಎಂದು ಕಾಣದ ಎರಡು ಚೀಲ ಕೊಡಿ. ಒಂದೊಂದರಲ್ಲೂ 20 ಕೆಂಪು, 20 ಬಿಳಿ ಮಣಿ ಇರಲಿ. ಒಂದು ಚೀಲ ತಂದೆಯದು, ಇನ್ನೊಂದು ತಾಯಿಯದು. ಮಣಿ ಎಂದರೆ ವಂಶವಾಹಿಯ ಒಂದು ಪ್ರತಿ: ಕೆಂಪು ದುಂಡಿನದು, ಬಿಳಿ ಸುಕ್ಕಿನದು. ನೋಡದೆ ಎರಡರಿಂದಲೂ ಒಂದೊಂದು ಮಣಿ ತೆಗೆದು, ತಂದೆಯ ಮಣಿಯನ್ನು ಮೊದಲು, ತಾಯಿಯದನ್ನು ನಂತರ ಬರೆದುಕೊಂಡು, ಅವನ್ನು ಆಯಾ ಚೀಲಕ್ಕೇ ಮರಳಿ ಹಾಕಿ ಅಲ್ಲಾಡಿಸಬೇಕು. ಹೀಗೆ 20 ಸಲ. ಒಂದಾದರೂ ಕೆಂಪು ಇದ್ದರೆ ದುಂಡು, ಎರಡೂ ಬಿಳಿಯಾದರೆ ಸುಕ್ಕು.

ಕೆಡುವುದು ಮೂರು ಕಡೆ. ಮಣಿ ಮರಳಿ ಹಾಕಲು ಮರೆತರೆ ಮುಂದಿನ ಸಲದ ಸಾಧ್ಯತೆ ಬದಲಾಗುತ್ತದೆ. ಎರಡು ಬಣ್ಣದ ಮಣಿಗಳ ಗಾತ್ರ ಬೇರೆಯಾದರೆ ಬೆರಳು ತನಗರಿವಿಲ್ಲದೆ ಆರಿಸಿಬಿಡುತ್ತದೆ. ಎಲ್ಲಕ್ಕಿಂತ ದೊಡ್ಡದು, ‘ಕೆಂಪು–ಬಿಳಿ’ಯನ್ನೂ ‘ಬಿಳಿ–ಕೆಂಪ’ನ್ನೂ ಒಂದೇ ಎಂದು ಮೊದಲೇ ಸೇರಿಸಿ ಬರೆಯುವುದು. ಹಾಗೆ ಬರೆದರೆ ಇರುವುದು ಮೂರೇ ಬಗೆ, ಮೂರೂ ಸಮ ಎಂದು ಮಕ್ಕಳಿಗೆ ಅನ್ನಿಸುತ್ತದೆ. ಎರಡೂ ಕೆಂಪು, ಒಂದೊಂದು ಬಣ್ಣ, ಎರಡೂ ಬಿಳಿ ಎಂಬ 1:2:1ರಲ್ಲಿ ಆ 2 ಎಲ್ಲಿಂದ ಬಂತೆಂಬುದು ತಿಳಿಯುವುದೇ ಇಲ್ಲ.

20ರಲ್ಲಿ 15 ದುಂಡು ನಿರೀಕ್ಷೆ. ಹೆಚ್ಚಿನ ಜೋಡಿಗಳಿಗೆ 12ರಿಂದ 18ರ ನಡುವೆ ಎಲ್ಲೋ ಒಂದು ಸಂಖ್ಯೆ ಬರುತ್ತದೆ. 12 ಬಂದ ಮಗು ಪಕ್ಕದವರದನ್ನು ನೋಡಿ ಗುಟ್ಟಾಗಿ 15 ಎಂದು ತಿದ್ದುತ್ತದೆ. ಅಲ್ಲಿ ತಡೆಯಬೇಕು, ಗದರಿಸದೆ. 20 ಜೋಡಿಗಳ ಲೆಕ್ಕ ಕೂಡಿಸಿದರೆ 400ಕ್ಕೆ ಸುಮಾರು 300 ಬರುತ್ತದೆ, ಅದೂ ಹತ್ತಿಪ್ಪತ್ತು ಆಚೀಚೆ. ಸಂಖ್ಯೆ ದೊಡ್ಡದಾದಂತೆ ಅನುಪಾತ 3:1ರತ್ತ ಸರಿಯುವುದನ್ನು ಮಕ್ಕಳು ತಾವೇ ಕಾಣುತ್ತಾರೆ. ತಿದ್ದಿದ 15 ಈ ಅನುಭವವನ್ನೇ ಕಿತ್ತುಕೊಳ್ಳುತ್ತದೆ.

ಇನ್ನು ‘ಪ್ರಬಲ’, ‘ದುರ್ಬಲ’ ಎಂಬ ಪದಗಳು. ವಂಶವಾಹಿಯ ಒಂದೇ ಪ್ರತಿ ಇದ್ದರೂ ಕಾಣುವ ಗುಣ ಪ್ರಬಲ, ಕಾಣಲು ಎರಡೂ ಪ್ರತಿ ಬೇಕಾದದ್ದು ದುರ್ಬಲ. ಕನ್ನಡದಲ್ಲಿ ಇವು ಬಲದ ಮಾತುಗಳು. ಹಾಗಾಗಿ ಪ್ರಬಲ ಗುಣ ಒಳ್ಳೆಯದು, ಜನರಲ್ಲಿ ಹೆಚ್ಚಾಗಿರುವುದು ಎಂದು ಮಕ್ಕಳು ತಿಳಿಯುತ್ತಾರೆ. ‘ಓ’ ರಕ್ತದ ಗುಂಪು ದುರ್ಬಲ ಗುಣ, ಆದರೂ ಬಲು ಸಾಮಾನ್ಯ. ಆರು ಬೆರಳು ಎಷ್ಟೋ ಕುಟುಂಬಗಳಲ್ಲಿ ಪ್ರಬಲ ಗುಣವಾಗಿ ಸಾಗಿದರೂ ಅಪರೂಪ. ಸುಕ್ಕು ಬಟಾಣಿಯಲ್ಲಿ ಆಗಿರುವುದಿಷ್ಟೆ: ಪಿಷ್ಟವನ್ನು ಕವಲೊಡೆಸುವ ಒಂದು ಕಿಣ್ವದ ವಂಶವಾಹಿ ಕೆಟ್ಟಿದೆ. ಪಿಷ್ಟ ಕಡಿಮೆಯಾಗಿ ಸಕ್ಕರೆ ಉಳಿಯುತ್ತದೆ, ಎಳೆಗಾಳು ಹೆಚ್ಚು ನೀರು ಹೀರಿ ಉಬ್ಬುತ್ತದೆ, ಒಣಗಿದಾಗ ಸುಕ್ಕಾಗುತ್ತದೆ. ಸರಿಯಾದ ಪ್ರತಿ ಒಂದಿದ್ದರೂ ಕಾಳು ದುಂಡಗಾಗುವಷ್ಟು ಕೆಲಸ ನಡೆಯುತ್ತದೆ. ಇಲ್ಲಿ ಯಾರೂ ಯಾರನ್ನೂ ಸೋಲಿಸಿಲ್ಲ.

ನಾಲಿಗೆ ಮಡಚುವುದನ್ನು ಒಂದೇ ವಂಶವಾಹಿಯ ಗುಣವೆಂದು ಹೇಳಿಕೊಡುವುದನ್ನೂ ದಯವಿಟ್ಟು ಬಿಡಬೇಕು. ಒಂದೇ ಭ್ರೂಣದಿಂದ ಹುಟ್ಟಿದ ಅವಳಿಗಳಲ್ಲೇ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿರುವುದು 1952ರಲ್ಲೇ ವರದಿಯಾಗಿತ್ತು. 1940ರಲ್ಲಿ ಅದನ್ನು ಅನುವಂಶೀಯವೆಂದಿದ್ದ ತಳಿವಿಜ್ಞಾನಿ ಸ್ಟರ್ಟೆವಾಂಟ್‌ ಕೂಡ ಆಮೇಲೆ ಆ ಮಾತು ಹಿಂತೆಗೆದುಕೊಂಡರು. ಅಪ್ಪ, ಅಮ್ಮ ಇಬ್ಬರಿಗೂ ಬಾರದ್ದು ತನಗೆ ಬರುತ್ತದೆಂದರೆ ತಾನು ಇವರ ಮಗುವೇ ಎಂದು ಹದಿನೈದರ ಮನಸ್ಸು ಕೇಳಿಕೊಳ್ಳಬಹುದು. ತಪ್ಪು ಉದಾಹರಣೆಯೊಂದಕ್ಕೆ ಅಷ್ಟು ನೋವು ಬೇಡ.

ಪ್ರಶ್ನೆಪತ್ರಿಕೆ ಬದಲಾಗದೆ ತರಗತಿ ಬದಲಾಗದು. ‘ನಾಲ್ಕು ಗಿಡಗಳಲ್ಲಿ ಎತ್ತರದವು ಎಷ್ಟು?’ ಎಂಬ ಪ್ರಶ್ನೆ ತೆಗೆದು ಇದನ್ನು ಹಾಕಿ: ‘ಮಿಶ್ರತಳಿ ಗಿಡವೊಂದರಲ್ಲಿ 14 ದುಂಡು, 15 ಸುಕ್ಕು ಕಾಳು ಸಿಕ್ಕಿವೆ. ಮೆಂಡೆಲ್‌ನ ನಿಯಮ ತಪ್ಪೆಂದು ಇದರಿಂದ ಹೇಳಬಹುದೇ? ನಿರ್ಧರಿಸಲು ಇನ್ನೇನನ್ನು ಎಣಿಸುವಿರಿ?’

– ಜೀವವಿಜ್ಞಾನ ಬೋಧಕರು