ಕಲ್ಲು ಮೊದಲು, ಕಪಾಟು ಆಮೇಲೆ

ಮೆಲ್ಬರ್ನ್
ಭಾನುವಾರ

ತೀರ್ಥರೂಪ ಅಪ್ಪನವರಿಗೆ ಮತ್ತು ಅವ್ವನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾವೆಲ್ಲರೂ ಇಲ್ಲಿ ಕ್ಷೇಮವಾಗಿದ್ದೇವೆ.

ಧಾರವಾಡದ ಮನೆಯ ಅಡುಗೆಮನೆಯಲ್ಲಿರುವ ಕಡಪ ಕಲ್ಲಿನ ಕಟ್ಟೆಯನ್ನು ಕೀಳಿಸಿ ಬಣ್ಣದ ಕಲ್ಲು ಹಾಕಿಸಲೇಬೇಕೆಂದು ಅವ್ವ ಹಟ ಹಿಡಿದಿದ್ದಾಳೆಂದು ಓದಿ ಸಂತೋಷವಾಯಿತು. ಇಷ್ಟು ವರ್ಷ ಕಪ್ಪು ಕಲ್ಲಿನ ಮೇಲೆ ಚೆಲ್ಲಿದ ಜೋಳದ ಹಿಟ್ಟನ್ನು ಒರೆಸುತ್ತಲೇ ಬಂದವಳಿಗೆ ಬಣ್ಣದ ಆಸೆ ಹುಟ್ಟಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಕಪಾಟು, ಟೈಲ್ಸು, ಗೋಡೆಯ ಬಣ್ಣ ಎಲ್ಲವನ್ನೂ ಗೊತ್ತುಮಾಡಿ ಕೊನೆಗೆ ಕಲ್ಲು ಆರಿಸುತ್ತೇವೆಂದು ಬರೆದಿದ್ದೀರಲ್ಲ, ಆ ಕ್ರಮವನ್ನು ದಯವಿಟ್ಟು ತಿರುವಿಹಾಕಿರಿ. ಗೋಡೆಯ ಬಣ್ಣವನ್ನು ಅಂಗಡಿಯವರು ಕೇಳಿದ ಛಾಯೆಗೆ ಕಲಸಿಕೊಡುತ್ತಾರೆ. ಕಲ್ಲು ಮಾತ್ರ ಗಣಿಯಲ್ಲಿ ಹೇಗೆ ಹುಟ್ಟಿತೋ ಹಾಗೆಯೇ ಬರುತ್ತದೆ, ಆದ್ದರಿಂದ ಉಳಿದದ್ದೆಲ್ಲ ಅದಕ್ಕೆ ಹೊಂದಿಕೊಳ್ಳಬೇಕೇ ಹೊರತು ಅದು ಉಳಿದವಕ್ಕಲ್ಲ.

ಅವ್ವನ ಇಳಕಲ್ಲ ಸೀರೆಯನ್ನೇ ನೋಡಿರಿ. ಟೋಪ ತೆನಿ ಎಂಬ ವಿನ್ಯಾಸದ ಕೆಂಪು ಸೆರಗು ಅಷ್ಟು ಎದ್ದು ಕಾಣುವುದು ಮೈಬಣ್ಣ ಸುಮ್ಮನಿರುವುದರಿಂದ. ಮೈತುಂಬ ಅದೇ ಕೆಂಪು, ಅದೇ ತೆನಿ ನೇಯ್ದಿದ್ದರೆ ಕಣ್ಣು ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಕಟ್ಟೆಯ ಕಲ್ಲೇ ಸೆರಗಾಗಲಿ. ಕಪಾಟಿನ ಬಾಗಿಲುಗಳು ಸಾದಾ ಇರಲಿ, ಒಲೆಯ ಹಿಂದಿನ ಗೋಡೆಗೆ ಹೂಬಳ್ಳಿಯ ಟೈಲ್ಸು ಖಂಡಿತ ಬೇಡ. ಗುತ್ತಿಗೆದಾರರು ತೋರಿಸಿದ ಚಿತ್ರದಲ್ಲಿ ನೀಲಿ ಕಟ್ಟೆ, ಹಳದಿ ಕಪಾಟು, ಚಿತ್ತಾರದ ನೆಲ ಮೂರೂ ಒಟ್ಟಿಗೆ ಇದ್ದವಲ್ಲ, ಅದು ನನಗೆ ಜಾತ್ರೆಯ ಬಳೆ ಅಂಗಡಿಯಂತೆ ಕಂಡಿತು.

ಇನ್ನು ಆ ನೀಲಿಯ ವಿಷಯ. ಅವರು ಹೇಳುತ್ತಿರುವ ‘ಕ್ವಾರ್ಟ್ಜ್’ ಗಣಿಯಿಂದ ಅಖಂಡವಾಗಿ ಬಂದ ಕಲ್ಲಲ್ಲ. ಕಲ್ಲಿನ ಪುಡಿಗೆ ರಾಳದಂಥ ಅಂಟು ಮತ್ತು ಬಣ್ಣ ಬೆರೆಸಿ ಒತ್ತಿ ಮಾಡಿದ ಹಲಗೆ. ಒಲೆಯಿಂದ ಇಳಿಸಿದ ಕಾದ ಹಂಚನ್ನು ನೇರವಾಗಿ ಅದರ ಮೇಲಿಟ್ಟರೆ ಆ ಅಂಟು ಸುಟ್ಟು ಕಲೆಯಾಗುತ್ತದೆ, ಅವ್ವ ಹಂಚು ಇಡದೆ ಇರುವವಳಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ, ಅದನ್ನು ಕೊಯ್ಯುವಾಗ ಏಳುವ ಸಿಲಿಕಾ ಧೂಳು ಕೆಲಸಗಾರರ ಪುಪ್ಪುಸಕ್ಕೆ ಸೇರಿ ಸಿಲಿಕೋಸಿಸ್ ಎಂಬ ರೋಗ ತರುತ್ತದೆಂದು ಈ ದೇಶದಲ್ಲಿ 2024ರ ಜುಲೈ 1ರಿಂದ ಅದರ ತಯಾರಿಕೆ, ಪೂರೈಕೆ, ಅಳವಡಿಕೆ ಮೂರನ್ನೂ ನಿಷೇಧಿಸಿದ್ದಾರೆ. ಗ್ರಾನೈಟಿನಲ್ಲಿಯೂ ಸಿಲಿಕಾ ಇದೆ, ಪ್ರಮಾಣ ಕಡಿಮೆ. ಹೀಗಾಗಿ ನೀವು ಯಾವ ಕಲ್ಲು ತಂದರೂ ಮನೆಯೊಳಗೆ ಒಣಗಿದ್ದಂತೆಯೇ ಕೊಯ್ಯಲು ಬಿಡಬೇಡಿರಿ. ಹಿತ್ತಲಲ್ಲಿ, ನೀರು ಹರಿಸುತ್ತ ಕೊಯ್ಯಲಿ, ಹುಡುಗರು ಸರಿಯಾದ ಮಾಸ್ಕ್ ಕಟ್ಟಿಕೊಳ್ಳಲಿ.

ನನ್ನದೇ ಪೆಟ್ಟು ತಿಂದ ಕಥೆಯನ್ನು ಇದುವರೆಗೆ ನಿಮಗೆ ಹೇಳಿರಲಿಲ್ಲ. ಸ್ಪೇನ್ ದೇಶದ ರೋಹೋ ಅಲಿಕಾಂತೆ ಎಂಬ ಕೆಂಪು ಕಲ್ಲಿಗೆ ಮರುಳಾಗಿ, ಅಂಗೈಯಗಲದ ತುಂಡನ್ನಷ್ಟೇ ನೋಡಿ, ನಡುಮನೆಯ ಕಡೆಯ ಕಟ್ಟೆಗೆ ಹಾಕಿಸಿದೆ. ಬಂದ ಹಲಗೆಯಲ್ಲಿ ತುಂಡಿನಲ್ಲಿ ಕಾಣದ ದಪ್ಪ ಬಿಳಿ ಗೆರೆಯೊಂದು ಅಡ್ಡಡ್ಡ ಹಾಯ್ದಿತ್ತು. ಅದಕ್ಕಾದರೂ ಒಗ್ಗಿಕೊಂಡೆ. ಒಂದು ರಾತ್ರಿ ಹೋಳು ಮಾಡಿದ ನಿಂಬೆಹಣ್ಣನ್ನು ಬೋರಲು ಇಟ್ಟು ಮಲಗಿದೆ. ಬೆಳಿಗ್ಗೆ ಎತ್ತಿದರೆ ಹೊಳಪು ಹೋಗಿ ರೂಪಾಯಿಯಗಲದ ಮಂಕಾದ ಉಂಗುರ, ಬೆರಳಾಡಿಸಿದರೆ ತರಿತರಿ. ಅಮೃತಶಿಲೆಯ ಜಾತಿಯ ಕಲ್ಲೆಲ್ಲ ಸುಣ್ಣದ ಅಂಶದ್ದು, ಹುಳಿ ತಾಗಿದಲ್ಲಿ ಕರಗುತ್ತದೆ. ಅದು ಕಲೆಯಲ್ಲ, ಸವೆತ, ಆದ್ದರಿಂದ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಹುಣಸೆಹಣ್ಣು ಕಿವುಚುವ ನಮ್ಮ ಮನೆಗೆ ಅದು ಒಲ್ಲದ ಸೊಸೆ.

ನನ್ನ ಮನಸ್ಸಿನಲ್ಲಿರುವುದು ಇಳಕಲ್ಲಿನ ಕೆಂಪು ಗ್ರಾನೈಟ್. ಸೀರೆಗೆ ಹೆಸರಾದ ಊರೇ ಈ ಕಲ್ಲಿಗೂ ಹೆಸರಾಗಿದೆ. ಅಷ್ಟು ಸಮೀಪದಲ್ಲಿ ಅಂಥ ಕಲ್ಲಿರುವಾಗ ಕಾರ್ಖಾನೆಯ ನೀಲಿಯ ಹಿಂದೆ ಓಡುವುದು ನನಗೆ ಸರಿಕಾಣುವುದಿಲ್ಲ. ಗ್ರಾನೈಟ್ ಹುಳಿಗೆ ಜಗ್ಗುವುದಿಲ್ಲ, ಚಾಕುವಿನ ಗೀರಿಗೆ ಸುಲಭವಾಗಿ ಸಿಕ್ಕುವುದಿಲ್ಲ, ಅದರ ಕಾಳುಕಾಳಾದ ಮೈಮೇಲೆ ಹಿಟ್ಟಿನ ಪುಡಿಯೂ ಅಷ್ಟಾಗಿ ಎದ್ದು ಕಾಣುವುದಿಲ್ಲ. ಅರಿಸಿನದ ಕಲೆ ಇಳಿಯದಂತೆ ಸೀಲರ್ ಹಚ್ಚಿಸಿದರೆ ಸಾಕು. ಹುಬ್ಬಳ್ಳಿಯ ಅಂಗಡಿಗೆ ಹೋದಾಗ ಇಡೀ ಹಲಗೆಯನ್ನು ಬಿಸಿಲಿಗೆ ನಿಲ್ಲಿಸಿ ನೋಡಿರಿ, ಒಂದು ತುಂಡನ್ನು ಮನೆಗೆ ತಂದು ರಾತ್ರಿ ದೀಪದಲ್ಲಿಯೂ ನೋಡಿರಿ. ಹಳದಿ ದೀಪದಲ್ಲಿ ಕೆಂಪು ಕಂದಾಗಿ ಕಾಣುವುದುಂಟು. ಎರಡು ಹಲಗೆಗಳ ಜೋಡು ಸಿಂಕಿನ ಹತ್ತಿರ ಬರದಂತೆ ಮೊದಲೇ ಹೇಳಿಬಿಡಿರಿ.

ಕಟ್ಟೆಯ ಎತ್ತರವನ್ನು ಗುತ್ತಿಗೆದಾರರ ಪಟ್ಟಿಯಿಂದ ಅಳೆಯಬೇಡಿರಿ. ಅವ್ವನನ್ನು ಚಪ್ಪಲಿಯಿಲ್ಲದೆ ನಿಲ್ಲಿಸಿ, ಮೊಳಕೈಯಿಂದ ನೆಲದವರೆಗೆ ಅಳೆದು, ಅದರಲ್ಲಿ ನಾಲ್ಕೈದು ಇಂಚು ಕಳೆಯಿರಿ. ರೊಟ್ಟಿ ಬಡಿಯುವ ಜಾಗವನ್ನು ಮಾತ್ರ ಇನ್ನೂ ಎರಡು ಇಂಚು ಇಳಿಸಿದರೆ ಅವಳ ಭುಜ ನೋಯುವುದಿಲ್ಲ. ಆ ಅಳತೆಯನ್ನೂ ಕಲ್ಲಿನ ತುಂಡಿನ ಫೋಟೋವನ್ನೂ ಕಳಿಸಿರಿ, ತುಂಡನ್ನು ನೀರಿನಲ್ಲಿ ಅದ್ದಿ ತೆಗೆದದ್ದು. ಹಳೆಯ ಕಡಪ ಕಲ್ಲನ್ನು ಒಡೆಸಬೇಡಿರಿ, ಹಿತ್ತಲಿನ ಬಟ್ಟೆ ಒಗೆಯುವ ಜಾಗಕ್ಕೆ ಹಾಸಿಸಿರಿ.

ಇತಿ ನಿಮ್ಮ ಪ್ರೀತಿಯ ಮಗಳು